ಬೆರಳಚ್ಚಿನ ಗೂಡುಗಳು: ಕಣ್ಗಾವಲು ತಂತ್ರಜ್ಞಾನ ಮತ್ತು ವಿಜ್ಞಾನಿಯ ನೈತಿಕ ಹೊಣೆ – ಒಂದು ಚಾರಿತ್ರಿಕ ಅವಲೋಕನ

೧

ಮಗುವಿನ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು ಶಂಖವೆಷ್ಟು, ಚಕ್ರವೆಷ್ಟು ಎಂದು ಎಣಿಸುವ ರೂಢಿ ನಮ್ಮಲ್ಲಿ ಹಳೆಯದು. ಗೆರೆ ಸುತ್ತಿ ಸುತ್ತಿ ಒಳಗೇ ಮುಗಿದರೆ ಚಕ್ರ. ಒಂದು ಬದಿಗೆ ಬಾಯಿ ತೆರೆದಿದ್ದರೆ ಶಂಖ. ಎಣಿಸುವವಳು ಮನೆಯ ಅಜ್ಜಿಯಾದರೆ ಫಲವೆಲ್ಲ ಶುಭವೇ. ಬಾಗಿಲಿಗೆ ಬಂದ ಕೊರವಂಜಿಯಾದರೆ ಒಂದಿಷ್ಟು ಶುಭ, ಒಂದಿಷ್ಟು ಕಂಟಕ, ಕಂಟಕಕ್ಕೆ ತಕ್ಕ ಪರಿಹಾರ. ಎಲ್ಲಕ್ಕೂ ಸೇರಿ ಒಂದು ಮೊರ ಜೋಳ. ಇದೇ ಶಂಖ ಚಕ್ರಗಳನ್ನು ೧೮೯೦ರ ದಶಕದಲ್ಲಿ ಬಂಗಾಳದ ಪೊಲೀಸ್ ಇಲಾಖೆಯ ಇಬ್ಬರು ಭಾರತೀಯ ನೌಕರರು ಬೇರೊಂದು ಉದ್ದೇಶಕ್ಕಾಗಿ ಎಣಿಸಲಾರಂಭಿಸಿದರು. ಅವರ ಎಣಿಕೆಯಿಂದ ರೂಪುಗೊಂಡ ಪದ್ಧತಿ ಹೊಸ ಶತಮಾನದ ಆರಂಭಕ್ಕೆ ಲಂಡನ್ ತಲುಪಿತು. ಮತ್ತೊಂದು ದಶಕದೊಳಗೆ ಅದು ಕಾನೂನಿನ ಬಲ ಪಡೆದು, ಅದೇ ಕೊರವಂಜಿಯ ಕುಲದವರ ಬೆರಳುಗಳನ್ನು ಮಸಿಗೆ ಒತ್ತಿಸುವ ಅಧಿಕಾರವಾಗಿ ಕನ್ನಡ ನಾಡಿಗೂ ಬಂದಿತು. ಪರರ ಕೈ ನೋಡಿ ಭವಿಷ್ಯ ಹೇಳುತ್ತಿದ್ದವರ ಕೈಯನ್ನೇ ನೋಡಿ ಅವರ ಮಕ್ಕಳ ಭವಿಷ್ಯವನ್ನು ಸರಕಾರ ಹೇಳತೊಡಗಿದ ಈ ಪ್ರಸಂಗ ನಮ್ಮ ಜಾನಪದ ಅಧ್ಯಯನಗಳಲ್ಲಿ ಯಾವ ಕಾರಣಕ್ಕೋ ಅಡಿಟಿಪ್ಪಣಿಯಾಗಿಯೇ ಉಳಿದಿದೆ.

ಮುಖವನ್ನು, ನಡಿಗೆಯನ್ನು, ಧ್ವನಿಯನ್ನು ಯಂತ್ರವೇ ಗುರುತಿಸುವ ಸ್ವಯಂಚಾಲಿತ ಕಣ್ಗಾವಲಿನ ಕಾಲದಲ್ಲಿ ನಾವು ಬದುಕುತ್ತಿದ್ದೇವೆ. ಇಂತಹ ಯಂತ್ರಗಳನ್ನು ರೂಪಿಸುವ ವಿಜ್ಞಾನಿಗಳ ನೈತಿಕ ಹೊಣೆ ಏನು ಎಂಬ ಪ್ರಶ್ನೆ ಜಗತ್ತಿನೆಲ್ಲೆಡೆ ಚರ್ಚೆಯಾಗುತ್ತಿದೆ. ಆ ಚರ್ಚೆಯ ಬಹುಭಾಗ ಯಂತ್ರದ ತಪ್ಪಿನ ಸುತ್ತ ನಡೆಯುತ್ತದೆ: ಯಂತ್ರ ಒಬ್ಬನನ್ನು ಇನ್ನೊಬ್ಬನೆಂದು ಭ್ರಮಿಸಿದರೆ ಹೊಣೆ ಯಾರದು? ಪ್ರಶ್ನೆ ಯುಕ್ತವಾದುದೇ. ಆದರೆ ಬೆರಳಚ್ಚಿನ ಚರಿತ್ರೆಯನ್ನು ವಿಮುಕ್ತ ಬುಡಕಟ್ಟುಗಳ ಕಡೆಯಿಂದ ಓದಿದವರಿಗೆ ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಬೆರಳಚ್ಚು ತನ್ನ ಕಾಲದಲ್ಲಿ ಲಭ್ಯವಿದ್ದ ಸಾಧನಗಳಲ್ಲೆಲ್ಲ ಅತ್ಯಂತ ಖಚಿತವಾದದ್ದು. ಆ ಖಚಿತತೆಯೇ ಲಕ್ಷಾಂತರ ಜನರ ಪಾಲಿಗೆ ಕಂಟಕವಾಯಿತು. ಯಂತ್ರ ಸರಿಯಾಗಿ ಗುರುತಿಸಿದಾಗಲೂ ಅನ್ಯಾಯ ನಡೆಯಬಲ್ಲದಾದರೆ, ಅದನ್ನು ರೂಪಿಸಿದವನ ಹೊಣೆಯನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕು? ಪ್ರಸ್ತುತ ಲೇಖನ ಈ ಪ್ರಶ್ನೆಯನ್ನು ಹಿಡಿದು ಸಾಗುತ್ತದೆ.

೨

೧೮೫೮ರ ಜುಲೈ ತಿಂಗಳಿನಲ್ಲಿ ಬಂಗಾಳದ ಜಂಗೀಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ವಿಲಿಯಂ ಜೇಮ್ಸ್ ಹರ್ಷೆಲ್, ರಸ್ತೆ ಹಾಸಿಗೆಯ ಸಾಮಗ್ರಿ ಪೂರೈಸಲು ಒಪ್ಪಿದ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಹಿಂಬದಿಗೆ ಒತ್ತಿಸಿಕೊಂಡ. ಸಿಪಾಯಿ ದಂಗೆಯ ಹೊಗೆ ಇನ್ನೂ ಆರಿರದ ವರ್ಷವದು. ತಾನು ಸಹಿ ಮಾಡಿಲ್ಲವೆಂದು ಮುಂದೆ ಗುತ್ತಿಗೆದಾರ ಹೇಳದಂತೆ ಮನಸ್ಸಿನಲ್ಲಿ ಅಳುಕು ಹುಟ್ಟಿಸುವುದಷ್ಟೇ ಹರ್ಷೆಲ್‌ನ ಉದ್ದೇಶವಾಗಿತ್ತು. ಖಗೋಳ ವಿಜ್ಞಾನಿಗಳ ಮನೆತನದಲ್ಲಿ ಹುಟ್ಟಿದ ಈತನಿಗೆ ವೀಕ್ಷಣೆಯ ಹವ್ಯಾಸ ರಕ್ತಗತವಾಗಿತ್ತೆನ್ನಬೇಕು. ತನ್ನ ಮತ್ತು ಪರಿಚಿತರ ಬೆರಳಚ್ಚುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ, ಅವು ಕಾಲಾಂತರದಲ್ಲಿ ಬದಲಾಗುವುದಿಲ್ಲವೆಂಬುದನ್ನು ಕಂಡುಕೊಂಡ. ೧೮೭೭ರ ಹೊತ್ತಿಗೆ ಹೂಗ್ಲಿಯಲ್ಲಿ ನಿವೃತ್ತಿವೇತನದಾರರು, ದಸ್ತಾವೇಜು ನೋಂದಣಿಗೆ ಬಂದವರು ಮತ್ತು ಕೈದಿಗಳು ಈ ಮೂರೂ ವರ್ಗದವರಿಂದ ಬೆರಳಚ್ಚು ಪಡೆಯುವ ಪ್ರಯೋಗ ನಡೆಸಿದ. ನಿವೃತ್ತಿವೇತನ ಪಡೆಯುವ ವೃದ್ಧನೂ ಸೆರೆಮನೆಯ ಕೈದಿಯೂ ಒಂದೇ ಸಾಧನದ ಮುಂದೆ ಸಾಲುನಿಂತದ್ದು ಆಗಲೇ. ಇದು ಗಮನಾರ್ಹ.

ಬೆರಳಚ್ಚಿಗೆ ಶಾಸ್ತ್ರದ ಸ್ಥಾನ ದೊರಕಿಸಿದವನು ಫ್ರಾನ್ಸಿಸ್ ಗಾಲ್ಟನ್. ಸುಜನನಶಾಸ್ತ್ರ ಎಂಬ ಹೆಸರನ್ನು ೧೮೮೩ರಲ್ಲಿ ಚಲಾವಣೆಗೆ ತಂದವನೂ ಇವನೇ. ೧೮೯೨ರಲ್ಲಿ ಪ್ರಕಟವಾದ ಬೆರಳಚ್ಚು ಕುರಿತ ಅವನ ಗ್ರಂಥದ ಹಿಂದೆ ಒಂದು ಆಸೆಯಿತ್ತು. ಬೆರಳ ಗೆರೆಗಳಲ್ಲಿ ಜನಾಂಗ, ವಂಶ, ಸ್ವಭಾವಗಳ ಗುರುತು ದೊರೆಯಬಹುದೆಂದು ಅವನು ಹುಡುಕಿದ. ಇಂಗ್ಲಿಷರು, ವೇಲ್ಸ್‌ನವರು, ಯಹೂದಿಗಳು, ಆಫ್ರಿಕನ್ನರು, ಬಾಸ್ಕರು ಹೀಗೆ ಬೇರೆ ಬೇರೆ ಜನರ ಅಚ್ಚುಗಳನ್ನು ಹೋಲಿಸಿ ನೋಡಿದ. ಅವನು ಹುಡುಕಿದ್ದು ಸಿಗಲಿಲ್ಲ. ಯಾವ ಜನಾಂಗಕ್ಕೂ ಅದರದೇ ಆದ ವಿಶಿಷ್ಟ ಗೆರೆಯಿಲ್ಲವೆಂದು ಬರೆದ. ತನ್ನ ಆಸೆಗೆ ವಿರುದ್ಧವಾದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ಗಾಲ್ಟನ್‌ನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಆದರೆ ಆ ಪ್ರಾಮಾಣಿಕತೆ ಅಲ್ಲಿಗೇ ನಿಂತಿತು. ಮನುಷ್ಯನ ಕುಲವನ್ನೇ ಹೇಳಲಾರದ ಗುರುತು ಅವನ ಕುಲದ ಗುಣವನ್ನು ಹೇಗೆ ಹೇಳೀತು? ಹುಟ್ಟಿನಿಂದಲೇ ಅಪರಾಧಿ ಎಂಬ ಕಲ್ಪನೆಯ ವಿರುದ್ಧ ಈ ಫಲಿತಾಂಶವನ್ನು ಒಂದು ಸಾಕ್ಷ್ಯವಾಗಿ ಎತ್ತಿಹಿಡಿಯಬಹುದಾಗಿತ್ತು. ಗಾಲ್ಟನ್ ಹಾಗೆ ಮಾಡಲಿಲ್ಲ. ಸುಜನನಶಾಸ್ತ್ರದ ಪ್ರಚಾರವನ್ನು ಕೊನೆಯವರೆಗೂ ಬಿಡಲಿಲ್ಲ.

ಇಷ್ಟಾದರೂ ಬೆರಳಚ್ಚು ಪೊಲೀಸರಿಗೆ ಉಪಯೋಗಕ್ಕೆ ಬರುವ ಸ್ಥಿತಿಯಲ್ಲಿರಲಿಲ್ಲ. ಎದುರಿಗಿರುವವನ ಅಚ್ಚನ್ನು ಅವನದೇ ಹಳೆಯ ಅಚ್ಚಿನೊಡನೆ ಹೋಲಿಸುವುದು ಸುಲಭ. ಹೆಸರು ಬದಲಿಸಿಕೊಂಡು ಬಂದವನ ಹಳೆಯ ಅಚ್ಚನ್ನು ಸಾವಿರಾರು ಹಾಳೆಗಳ ನಡುವೆ ಹುಡುಕಿ ತೆಗೆಯುವುದೇ ಕಷ್ಟ. ಪ್ಯಾರಿಸ್ಸಿನ ಬೆರ್ತಿಯೋನ್ ತಲೆ, ತೋಳು, ಪಾದಗಳ ಅಳತೆಯಿಂದ ಈ ತೊಡಕನ್ನು ಬಿಡಿಸಲು ಯತ್ನಿಸಿದ್ದ. ಭಾರತದ ಪೊಲೀಸರೂ ಆ ಪದ್ಧತಿಯನ್ನು ಕೆಲಕಾಲ ಅನುಸರಿಸಿದರು. ಅಳೆಯುವ ಕೈ ಬದಲಾದಂತೆ ಅಳತೆಯೂ ಬದಲಾಗುತ್ತಿತ್ತು. ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಕೆಲಸಮಾಡುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಈ ಸಮಸ್ಯೆಯನ್ನು ಗಣಿತದಿಂದ ಬಗೆಹರಿಸಿದರು.

ಆ ಲೆಕ್ಕದ ಚೆಲುವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ಮಾಡಿಕೊಳ್ಳುವುದು. ಮೊದಲ ಜೋಡಿಯ ಬೆರಳಲ್ಲಿ ಸುಳಿ, ಅಂದರೆ ನಮ್ಮ ಅಜ್ಜಿಯರ ಚಕ್ರ, ಇದ್ದರೆ ೧೬ ಅಂಕ, ಎರಡನೆಯದಕ್ಕೆ ೮, ಮುಂದೆ ೪, ೨, ೧. ಸುಳಿಯಿಲ್ಲದ ಬೆರಳಿಗೆ ಸೊನ್ನೆ. ಪ್ರತಿ ಜೋಡಿಯ ಒಂದೊಂದು ಬೆರಳಿನ ಅಂಕಗಳನ್ನು ಕೂಡಿ ಒಂದು ಸೇರಿಸಿದರೆ ಮೇಲಿನ ಸಂಖ್ಯೆ. ಉಳಿದ ಐದು ಬೆರಳುಗಳಿಂದ ಹಾಗೆಯೇ ಕೆಳಗಿನ ಸಂಖ್ಯೆ. ಎರಡೂ ೧ರಿಂದ ೩೨ರವರೆಗೆ ಎಲ್ಲಿಯಾದರೂ ಇರಬಹುದು. ೩೨ನ್ನು ೩೨ರಿಂದ ಗುಣಿಸಿದರೆ ೧೦೨೪. ಗೋಡೆಗೆ ತಾಗಿದ ಕಪಾಟಿನಲ್ಲಿ ೧೦೨೪ ಗೂಡುಗಳು. ಮನುಷ್ಯಕುಲವೆಲ್ಲ ಅಷ್ಟರಲ್ಲಿ ಹಂಚಿಹೋಯಿತು. ಹೆಸರು, ಊರು, ಭಾಷೆ, ಕುಲ ಯಾವುದೂ ಬೇಕಿಲ್ಲ. ಗುಮಾಸ್ತನಿಗೆ ಮುಖ ನೆನಪಿಡುವ ಕೆಲಸವಿಲ್ಲ, ವಿವೇಚನೆಯೂ ಅಷ್ಟಾಗಿ ಬೇಡ; ಎಣಿಸಲು ಬಂದರೆ ಸಾಕು. ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರಗಳ ಮೇಲೆ ನಿಂತ ಈ ಲೆಕ್ಕ ಗಣಕಯಂತ್ರದ ಲೆಕ್ಕಕ್ಕೆ ತೀರ ಸಮೀಪವಾದದ್ದು. ಗಣಕಯಂತ್ರ ಬರುವ ಅರ್ಧ ಶತಮಾನದ ಮೊದಲೇ ಕಣ್ಗಾವಲಿನ ಸ್ವಯಂಚಾಲನೆ ಹೀಗೆ ಕಲ್ಕತ್ತೆಯ ಮರದ ಕಪಾಟಿನಲ್ಲಿ ಆರಂಭವಾಗಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

೧೮೯೭ರಲ್ಲಿ ಭಾರತ ಸರಕಾರ ಈ ಪದ್ಧತಿಯ ಪರೀಕ್ಷೆಗೆ ಸಮಿತಿಯೊಂದನ್ನು ನೇಮಿಸಿತು. ಭೂಮಾಪನ ಇಲಾಖೆಯ ಸರ್ವೇಯರ್ ಜನರಲ್ ಚಾರ್ಲ್ಸ್ ಸ್ಟ್ರಾಹನ್ ಮತ್ತು ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಪೆಡ್ಲರ್ ಅದರ ಸದಸ್ಯರು. ಸರಳತೆ, ವೆಚ್ಚ, ವೇಗ, ಫಲಿತಾಂಶದ ಖಚಿತತೆ ಇವುಗಳಲ್ಲಿ ದೇಹಮಾಪನಕ್ಕಿಂತ ಬೆರಳಚ್ಚು ಮೇಲು ಎಂಬುದು ಅವರ ಅಭಿಪ್ರಾಯ. ಅದೇ ವರ್ಷ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯ ಸ್ಥಾಪನೆಯಾಯಿತು. ೧೯೦೧ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಇದೇ ಪದ್ಧತಿಯನ್ನು ಸ್ವೀಕರಿಸಿತು. ಸಮಿತಿಯ ನಾಲ್ಕು ಮಾನದಂಡಗಳು ಇಂದಿನ ಯಾವ ಕಣ್ಗಾವಲು ಯಂತ್ರದ ಟೆಂಡರಿನಲ್ಲಿಯೂ ಕಾಣಸಿಗುವಂಥವೇ. ಯಾರ ಮೇಲೆ, ಯಾವ ಕಾರಣಕ್ಕೆ, ಎಷ್ಟು ಕಾಲ ಎಂಬ ಮಾನದಂಡಗಳು ಅಂದು ವಿಜ್ಞಾನಿಗಳ ಮುಂದೆ ಇರಲಿಲ್ಲ.

ಈ ಶಾಸ್ತ್ರದ ಒಳಿತನ್ನು ಹೇಳದಿರುವುದು ನ್ಯಾಯವಲ್ಲ. ಜಲಪಾಯಿಗುರಿಯ ಚಹಾ ತೋಟದ ವ್ಯವಸ್ಥಾಪಕನೊಬ್ಬನ ಕೊಲೆ ಪ್ರಕರಣ ೧೮೯೮ರಲ್ಲಿ ನ್ಯಾಯಾಲಯಕ್ಕೆ ಬಂದಿತು. ಮನೆಯಲ್ಲಿ ದೊರೆತ ಬಂಗಾಳಿ ಪಂಚಾಂಗದ ಮೇಲಿನ ರಕ್ತದ ಬೆರಳಗುರುತು ಹಿಂದೆ ಶಿಕ್ಷೆಯಾಗಿದ್ದ ಸೇವಕ ಕಾಂಗಾಲಿ ಚರಣನ ಅಚ್ಚಿಗೆ ಹೊಂದಿತು. ನ್ಯಾಯಾಲಯ ಅವನನ್ನು ಕಳ್ಳತನಕ್ಕೆ ಶಿಕ್ಷಿಸಿತು; ಕೊಲೆಯ ಆರೋಪದಿಂದ ಬಿಟ್ಟಿತು. ಗುರುತು ಅವನು ಅಲ್ಲಿದ್ದನೆಂಬುದನ್ನು ಹೇಳುತ್ತದೆ, ಕೊಂದನೆಂಬುದನ್ನು ಹೇಳುವುದಿಲ್ಲ ಎಂಬ ವಿವೇಕ ಆ ತೀರ್ಪಿನಲ್ಲಿದೆ. ನಡೆದ ಒಂದು ಕೃತ್ಯ, ಅದಕ್ಕೆ ಸಂಬಂಧಿಸಿದ ಒಂದು ಗುರುತು, ಎರಡನ್ನೂ ತೂಗುವ ಒಂದು ನ್ಯಾಯಪೀಠ: ಈ ಮೂರೂ ಇದ್ದ ಕಡೆ ಬೆರಳಚ್ಚು ಸತ್ಯದ ಪರವಾಗಿ ಕೆಲಸ ಮಾಡಿದೆ. ಮೂರೂ ಇಲ್ಲದ ಕಡೆ ಏನಾಯಿತೆಂಬುದೇ ಮುಂದಿನ ಕಥೆ.

೩

ಅಪರಾಧಿ ಬುಡಕಟ್ಟುಗಳ ಕಾಯಿದೆ ಜಾರಿಗೆ ಬಂದದ್ದು ೧೮೭೧ರಲ್ಲಿ. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿಯಾಗುವ ನಾಡಿನಲ್ಲಿ ಕಳ್ಳನ ಮಗನೂ ಕಳ್ಳನೇ ಆಗುತ್ತಾನೆಂಬ ತರ್ಕದ ಮೇಲೆ ಅದು ನಿಂತಿತ್ತು. ಸಮುದಾಯವೊಂದನ್ನು ಅಧಿಸೂಚಿಸಿದರೆ ಅದರಲ್ಲಿ ಹುಟ್ಟಿದವರೆಲ್ಲರನ್ನೂ ನೋಂದಾಯಿಸಬಹುದು, ಹಾಜರಿಗೆ ಕರೆಯಬಹುದು, ಪರವಾನಗಿ ಚೀಟಿಯಿಲ್ಲದೆ ಊರು ಬಿಡದಂತೆ ತಡೆಯಬಹುದು. ಮೊದಲಿಗೆ ಉತ್ತರ ಭಾರತದ ಪ್ರಾಂತಗಳಿಗೆ ಅನ್ವಯಿಸಿದ ಈ ಕಾಯಿದೆಯ ದೊಡ್ಡ ಕೊರತೆ ಗುರುತಿನದೇ ಆಗಿತ್ತು. ಅಲೆದಾಡುವ ಜನ, ಊರಿಗೊಂದು ಹೆಸರು, ಒಬ್ಬನೇ ರಾಮ, ಭೀಮ, ಹನುಮ. ಪುಸ್ತಕದಲ್ಲಿ ಬರೆದ ಹೆಸರು ಮನುಷ್ಯನ ಮೈಗೆ ಅಂಟುತ್ತಿರಲಿಲ್ಲ. ೧೯೧೧ರ ಹೊಸ ಕಾಯಿದೆ ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಿದಾಗ, ನೋಂದಾಯಿತ ಸದಸ್ಯರ ಬೆರಳಚ್ಚು ತೆಗೆದುಕೊಳ್ಳುವ ಅಧಿಕಾರವನ್ನೂ ಸೇರಿಸಿಕೊಂಡಿತು. ಹಕ್ ಮತ್ತು ಬೋಸ್ ಅವರ ಗೂಡುಗಳು ಆ ಅಂಟನ್ನು ಒದಗಿಸಿದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಯಿದೆಯನ್ನು ಬೆರಳಚ್ಚು ಹುಟ್ಟಿಸಲಿಲ್ಲ. ಅದು ಬೆರಳಚ್ಚಿಗಿಂತ ಹಿಂದಿನದು. ಹಾಗಾದರೆ ಸಾಧನ ರೂಪಿಸಿದವರ ಮೇಲೆ ಹೊಣೆ ಹೊರಿಸುವುದು ಎಷ್ಟು ಸರಿ ಎಂದು ಕೇಳಬಹುದು. ಕಾಯಿದೆ ಜಾರಿಯಲ್ಲಿದ್ದ ನಾಡಿನಲ್ಲಿಯೇ, ಅದನ್ನು ಜಾರಿಗೊಳಿಸುವ ಇಲಾಖೆಯೊಳಗೇ ಈ ಸಾಧನ ತಯಾರಾಯಿತು ಎಂಬುದು ನನ್ನ ಉತ್ತರ. ಯಾರ ಬೆರಳುಗಳು ಮೊದಲು ಮಸಿಗೆ ಬೀಳುತ್ತವೆಂದು ಊಹಿಸಲು ಕೊರವಂಜಿಯ ಕಣಿ ಬೇಕಿರಲಿಲ್ಲ. ನಮ್ಮ ಇತಿಹಾಸಕಾರರು ಹೆನ್ರಿ ಪದ್ಧತಿಯೆಂಬ ಹೆಸರಿನ ಹಿಂದೆ ಮರೆಯಾದ ಹಕ್ ಮತ್ತು ಬೋಸ್ ಅವರ ಶ್ರೇಯಸ್ಸಿಗಾಗಿ ಉಚಿತವಾಗಿಯೇ ವಾದಿಸಿದ್ದಾರೆ. ಸರಕಾರವೂ ತಡವಾಗಿ ಇಬ್ಬರಿಗೂ ಬಿರುದು ನೀಡಿತು. ಶ್ರೇಯಸ್ಸಿನಲ್ಲಿ ಪಾಲು ಕೇಳುವ ನಾವು ಹೊಣೆಯಲ್ಲಿ ಪಾಲು ಕೇಳಿದ್ದನ್ನು ನಾನು ಕಂಡಿಲ್ಲ. ವಸಾಹತು ಆಡಳಿತದ ಕೆಳಗಿನ ನೌಕರರಿಗೆ ನಿರಾಕರಿಸುವ ಅವಕಾಶ ಎಷ್ಟಿತ್ತು ಎಂಬುದನ್ನೂ ಮರೆಯಬಾರದು. ಹೆನ್ರಿಗೆ ಇದ್ದಷ್ಟು ಅವರಿಗೆ ಇರಲಿಲ್ಲ, ಗಾಲ್ಟನ್‌ನಿಗೆ ಇದ್ದಷ್ಟು ಹೆನ್ರಿಗೆ ಇರಲಿಲ್ಲ. ಹೊಣೆಯನ್ನು ಆ ಪ್ರಮಾಣದಲ್ಲಿಯೇ ಹಂಚಬೇಕು.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಈ ಕಾಯಿದೆಯ ರೂಪ ಸೆಟ್ಲಮೆಂಟುಗಳಾಗಿ ಕಾಣಿಸಿತು. ಓ. ಎಚ್. ಬಿ. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಇವು ನಡೆದವು. ಕೊರವರು, ಘಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಮೊದಲಾದವರನ್ನು ತಂದು ಇರಿಸಿದರು. ಹುಬ್ಬಳ್ಳಿಯಲ್ಲಿ ಇವರ ದುಡಿಮೆ ಹತ್ತಿಯ ಗಿರಣಿಗೂ ರೈಲ್ವೆ ಕಾರ್ಖಾನೆಗೂ ಒದಗಿತು. ಸ್ಟಾರ್ಟೆಗೆ ಸುಧಾರಣೆಯಲ್ಲಿ ನಂಬಿಕೆಯಿತ್ತು; ಶಾಲೆ, ಕಸುಬು, ಕೂಲಿ ಇವುಗಳ ಮೂಲಕ ಜನ ಬದಲಾಗುತ್ತಾರೆಂದು ಆತ ಭಾವಿಸಿದ್ದ. ಆ ನಂಬಿಕೆಗೂ ಹಾಜರಿ ಪುಸ್ತಕ ಬೇಕಾಗಿತ್ತು. ಇಂದಿಗೂ ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಸೆಟ್ಲಮೆಂಟ್ ಎಂಬುದು ಬಡಾವಣೆಯ ಹೆಸರು. ರಿಕ್ಷಾದವರಿಗೆ ಅಷ್ಟು ಹೇಳಿದರೆ ಸಾಕು, ಕರೆದೊಯ್ಯುತ್ತಾರೆ; ಆ ಶಬ್ದದ ಹಿಂದೆ ಏನಿದೆಯೆಂದು ಕೇಳಿದರೆ ಹೇಳುವವರು ಕಡಿಮೆ.

ಕೊರವರು ಅಲೆದಾಡುತ್ತಿದ್ದುದು ಏಕೆ? ಉಪ್ಪು, ಧಾನ್ಯಗಳನ್ನು ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಸಾಗಿಸುವುದು ಅವರಲ್ಲಿ ಹಲವರ ಕಸುಬಾಗಿತ್ತು. ಉಪ್ಪು ಕೊರವ, ದಬ್ಬೆ ಕೊರವ, ಕುಂಚಿ ಕೊರವ, ಸನಾದಿ ಕೊರವ ಎಂಬ ಒಳಪಂಗಡಗಳ ಹೆಸರುಗಳು ಒಂದೊಂದು ದುಡಿಮೆಯನ್ನು ಹೇಳುತ್ತವೆ: ಉಪ್ಪಿನ ವ್ಯಾಪಾರ, ಬಿದಿರಿನ ಕೆಲಸ, ನೇಕಾರರ ಕುಂಚ ಕಟ್ಟುವುದು, ಮಂಗಳವಾದ್ಯ. ರೈಲುದಾರಿಯೂ ಸರಕಾರದ ಉಪ್ಪಿನ ನೀತಿಯೂ ಸೇರಿ ಹೇರೆತ್ತಿನ ವ್ಯಾಪಾರವನ್ನು ಮುರಿದವೆಂಬುದನ್ನು ಮೀನಾ ರಾಧಾಕೃಷ್ಣ ಅವರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮದರಾಸು ಪ್ರಾಂತದ ದಾಖಲೆಗಳಿಂದ ತೋರಿಸಿದ್ದಾರೆ. ಕಸುಬು ಹೋಯಿತು, ಅಲೆದಾಟ ಉಳಿಯಿತು. ಕಸುಬಿಲ್ಲದ ಅಲೆದಾಟ ಅಪರಾಧದ ಲಕ್ಷಣವೆನಿಸಿತು.

ಪ್ರಾಸಂಗಿಕವಾಗಿ ಒಂದು ಮಾತು. ೧೯೪೨ರಲ್ಲಿ ಡಾ. ಎಂ. ಶಿವರಾಂ ಅವರು ಆರಂಭಿಸಿದ, ಕನ್ನಡಿಗರನ್ನು ವರ್ಷಗಟ್ಟಲೆ ನಗಿಸಿದ ಹಾಸ್ಯಪತ್ರಿಕೆಯ ಹೆಸರು ‘ಕೊರವಂಜಿ’. ಪದ್ಮಾವತಿಗೆ ಕಣಿ ಹೇಳಲು ಶ್ರೀನಿವಾಸನೇ ತೊಟ್ಟ ವೇಷವೆಂದು ನಮ್ಮ ಜನ ಭಕ್ತಿಯಿಂದ ಹಾಡುವುದೂ ಕೊರವಂಜಿಯನ್ನೇ. ಆ ಪತ್ರಿಕೆಯ ಮೊದಲ ಹತ್ತು ವರ್ಷ ಅಪರಾಧಿ ಬುಡಕಟ್ಟುಗಳ ಕಾಯಿದೆ ದೇಶದಲ್ಲಿ ಪೂರ್ತಿಯಾಗಿ ತೊಲಗಿರಲಿಲ್ಲ. ಪತ್ರಿಕೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ಸಮಾಜ ಒಬ್ಬಳ ಹೆಸರನ್ನು ಇಷ್ಟು ಅಕ್ಕರೆಯಿಂದ ಬಳಸುತ್ತಲೇ ಅವಳ ಮನೆಯವರ ಬೆರಳಚ್ಚನ್ನು ಗೂಡಿನಲ್ಲಿ ಇಟ್ಟಿರಬಲ್ಲದು.

೪

ವಿಜ್ಞಾನಿಯ ಹೊಣೆಯೆಂದಾಗ ನಾವು ಪ್ರಯೋಗಶಾಲೆಯವರನ್ನು ಮಾತ್ರ ನೆನೆಯುತ್ತೇವೆ. ಗೂಡುಗಳನ್ನು ಗಣಿತಜ್ಞರು ಮಾಡಿದರು. ಯಾರನ್ನು ಗೂಡಿಗೆ ಹಾಕಬೇಕೆಂಬ ಪಟ್ಟಿಗೆ ವಿವರ ಒದಗಿಸಿದವರಲ್ಲಿ ನಮ್ಮ ಶಾಸ್ತ್ರದ ಪೂರ್ವಜರೂ ಇದ್ದಾರೆ. ಮದರಾಸು ವಸ್ತುಸಂಗ್ರಹಾಲಯದ ಅಧೀಕ್ಷಕ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥ ಇಂದಿಗೂ ನಮ್ಮ ವಿದ್ಯಾರ್ಥಿಗಳ ಕೈಪಿಡಿ. ನಾನೂ ಅದನ್ನು ಬಳಸಿದ್ದೇನೆ. ಅದೇ ಥರ್ಸ್ಟನ್ ಅಪರಾಧಿಗಳನ್ನು ಗುರುತಿಸಲು ಪೊಲೀಸರಿಗೆ ದೇಹಮಾಪನದ ಪಾಠ ಹೇಳಿದವನು. ಅವನ ಸಂಪುಟದಲ್ಲಿ ಕೊರವರ ಕುರಿತ ಭಾಗ ಪೊಲೀಸ್ ಅಧಿಕಾರಿಗಳಾದ ಫಾಸೆಟ್ ಮತ್ತು ಪಾಪಾರಾವ್ ನಾಯ್ಡು ಅವರ ಬರಹಗಳನ್ನು ಆಧರಿಸಿದೆ. ಮದರಾಸು ಪ್ರಾಂತದ ಅಪರಾಧಿ ವರ್ಗಗಳ ಕುರಿತ ಮುಲ್ಲಾಲಿಯ ೧೮೯೨ರ ಪುಸ್ತಕ, ಮುಂಬಯಿ ಪ್ರಾಂತದ ಕುರಿತ ಕೆನಡಿಯ ೧೯೦೮ರ ಪುಸ್ತಕ, ಎರಡೂ ಪೊಲೀಸ್ ಅಧಿಕಾರಿಗಳು ಪೊಲೀಸರಿಗಾಗಿ ಬರೆದವು.

ಕೆನಡಿಯ ಪುಸ್ತಕವನ್ನು ನಾನು ಮೊದಲ ಬಾರಿಗೆ ಓದಿದಾಗ ಉಂಟಾದ ಮುಜುಗರವನ್ನು ಇಲ್ಲಿ ದಾಖಲಿಸುವುದು ಅಪ್ರಸ್ತುತವಾಗಲಾರದು. ಪ್ರತಿ ಸಮುದಾಯದ ಹೆಸರು, ವಾಸಸ್ಥಳ, ಸಂಚಾರದ ದಾರಿ, ಚಹರೆ, ಉಡುಪು, ಮಾತಿನ ರೀತಿ, ಗುಪ್ತಶಬ್ದಗಳು, ತೋರಿಕೆಯ ಕಸುಬು, ಆಮೇಲೆ ಅಪರಾಧದ ಕ್ರಮ. ಕೊನೆಯದೊಂದನ್ನು ತೆಗೆದುಬಿಟ್ಟರೆ ನನ್ನ ಕ್ಷೇತ್ರಕಾರ್ಯದ ಪ್ರಶ್ನಾವಳಿಗೂ ಅದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಗುಪ್ತಭಾಷೆಯ ಶಬ್ದಪಟ್ಟಿ ನಮಗೆ ಭಾಷಿಕ ಸಂಪತ್ತು; ಠಾಣೆಗೆ ಅದು ಬೀಗದ ಕೈ. ‘ಕಳ್ಳ ಕೊರವ’ ಎಂಬ ಒಳಪಂಗಡವೊಂದನ್ನು ಜನಾಂಗ ವಿವರಣೆಯ ಗ್ರಂಥಗಳು ನಿರ್ವಿಕಾರವಾಗಿ ದಾಖಲಿಸಿವೆ. ಯಾರು ಯಾರನ್ನು ಹಾಗೆ ಕರೆಯುತ್ತಿದ್ದರು, ಸಿಟ್ಟಿನಲ್ಲಿಯೋ ಸಲಿಗೆಯಲ್ಲಿಯೋ ಎಂದು ಕೇಳುವ ತಾಳ್ಮೆ ಆ ಗ್ರಂಥಗಳಿಗಿಲ್ಲ. ಬೈಗುಳ ಮುದ್ರಣಗೊಂಡು ವರ್ಗೀಕರಣವಾಯಿತು. ವರ್ಗೀಕರಣ ಅಧಿಸೂಚನೆಗೆ ಆಧಾರವಾಯಿತು.

೫

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿ ಕಾಯಿದೆಯನ್ನು ಪರಿಶೀಲಿಸಿತು. ೧೯೫೨ರ ಆಗಸ್ಟ್ ೩೧ರಿಂದ ಅದು ರದ್ದಾಯಿತು. ವಿಮುಕ್ತರು ಎಂಬ ಹೆಸರು ಬಂದದ್ದು ಅಂದಿನಿಂದ. ಬೆನ್ನಲ್ಲೇ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು, ನಮ್ಮಲ್ಲಿ ೧೯೬೧ರಲ್ಲಿ. ಇವು ಕುಲವನ್ನು ಹೆಸರಿಸುವುದಿಲ್ಲ, ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ನೋಡುತ್ತವೆ. ಆದರೆ ಠಾಣೆಯ ಹಳೆಯ ಪುಸ್ತಕದಲ್ಲಿ ಯಾರ ಹೆಸರು ಹೆಚ್ಚಿದೆಯೋ ಅವರ ಬಾಗಿಲನ್ನೇ ಮೊದಲು ತಟ್ಟುವುದು, ತಟ್ಟಿದ್ದರಿಂದಲೇ ಹೆಸರು ಮತ್ತೆ ಹೆಚ್ಚುವುದು ನಿಲ್ಲಲಿಲ್ಲ. ೨೦೨೪ರ ಅಕ್ಟೋಬರ್ ೩ರಂದು ಸೆರೆಮನೆಗಳಲ್ಲಿನ ಜಾತಿ ತಾರತಮ್ಯ ಕುರಿತು ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಮುಕ್ತ ಬುಡಕಟ್ಟುಗಳ ಮೇಲಿನ ಈ ಕಳಂಕವನ್ನು ವಿಸ್ತಾರವಾಗಿ ಚರ್ಚಿಸಿ, ಅವರನ್ನು ಮನಬಂದಂತೆ ಬಂಧಿಸಬಾರದೆಂದು ಹೇಳಬೇಕಾಯಿತು. ಕಾಯಿದೆ ರದ್ದಾಗಿ ಆಗ ಎಪ್ಪತ್ತೆರಡು ವರ್ಷಗಳಾಗಿದ್ದವು.

ಗೂಡುಗಳೂ ಬೆಳೆದಿವೆ. ೧೯೭೦ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ಬೆರಳಚ್ಚನ್ನು ಓದುವ ಯಂತ್ರಗಳನ್ನು ಬಳಕೆಗೆ ತಂದಿತು. ನಮ್ಮಲ್ಲಿ ೧೯೨೦ರ ಕೈದಿಗಳ ಗುರುತು ಕಾಯಿದೆಯ ಸ್ಥಾನದಲ್ಲಿ ೨೦೨೨ರಲ್ಲಿ ಬಂದ ಹೊಸ ಕಾಯಿದೆ ಬೆರಳಚ್ಚಿನೊಡನೆ ಕಣ್ಣಿನ ಪಾಪೆಯ ಅಚ್ಚನ್ನೂ ತೆಗೆಯಲು ಅವಕಾಶ ಕೊಟ್ಟಿದೆ. ದಾಖಲೆಯನ್ನು ೭೫ ವರ್ಷ ಇರಿಸಬಹುದು. ಇಂದು ಇಪ್ಪತ್ತರಲ್ಲಿ ಅಚ್ಚು ಕೊಟ್ಟವನ ಮೊಮ್ಮಕ್ಕಳು ದೊಡ್ಡವರಾಗುವವರೆಗೂ ಅದು ಇರುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ೨೦೧೭ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಿಂದ. ಗಾರೆ ಕೆಲಸದವರ, 
ಬಿದಿರು ಸೀಳುವವರ ಸವೆದ ಬೆರಳುಗಳನ್ನು ಯಂತ್ರ ಗುರುತಿಸದೆ ಪಡಿತರ ತಪ್ಪಿದ ಸಂಗತಿಗಳು ನಮಗೆಲ್ಲ ಗೊತ್ತಿವೆ. ಒಂದು ಕಾಲಕ್ಕೆ ಗುರುತು ಸಿಕ್ಕಿದ್ದೇ ಸಂಕಟ. ಇನ್ನೊಂದು ಕಾಲಕ್ಕೆ ಸಿಗದಿರುವುದು ಸಂಕಟ.

ವಿಜ್ಞಾನಿಗಳು ಸುಮ್ಮನಿದ್ದಾರೆಂದು ಹೇಳಲಾಗದು. ಗಣಿತಜ್ಞ ನಾರ್ಬರ್ಟ್ ವೀನರ್ ತನ್ನ ಯುದ್ಧಕಾಲದ ಸಂಶೋಧನೆಯನ್ನು ಕ್ಷಿಪಣಿ ತಯಾರಕರಿಗೆ ಕೊಡಲು ನಿರಾಕರಿಸಿ ಬರೆದ ಪತ್ರ ೧೯೪೭ರ ಆರಂಭದಲ್ಲಿ ಪ್ರಕಟವಾಯಿತು. ಗಣಕವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ೧೯೭೬ರ ತನ್ನ ಗ್ರಂಥದಲ್ಲಿ, ಮಾತನ್ನು ಗುರುತಿಸುವ ಯಂತ್ರ ತಯಾರಾದರೆ ಸರಕಾರಗಳು ಅದನ್ನು ದೂರವಾಣಿ ಕದ್ದಾಲಿಸಲು ಬಳಸಬಹುದೆಂದು ಎಚ್ಚರಿಸಿದ. ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ೨೦೧೮ರಲ್ಲಿ ಮುಖದಿಂದ ಹೆಣ್ಣು ಗಂಡೆಂದು ವಿಂಗಡಿಸುವ ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದರು. ಕಪ್ಪು ಮೈಬಣ್ಣದ ಮಹಿಳೆಯರ ವಿಷಯದಲ್ಲಿ ತಪ್ಪು ಶೇಕಡ ೩೪.೭ರವರೆಗೆ ಇತ್ತು, ಬಿಳಿಯ ಗಂಡಸರಲ್ಲಿ ಶೇಕಡ ಒಂದನ್ನೂ ಮುಟ್ಟಲಿಲ್ಲ. ಚಿತ್ರದೊಳಗಿನ ವಸ್ತುಗಳನ್ನು ಕ್ಷಣದಲ್ಲಿ ಗುರುತಿಸುವ ಪ್ರಸಿದ್ಧ ವಿಧಾನವನ್ನು ರೂಪಿಸಿದ ಜೋಸೆಫ್ ರೆಡ್ಮನ್, ಸೈನಿಕ ಬಳಕೆ ಮತ್ತು ಖಾಸಗಿತನದ ಆತಂಕದಿಂದ ಆ ಸಂಶೋಧನೆಯನ್ನೇ ನಿಲ್ಲಿಸಿರುವುದಾಗಿ ೨೦೨೦ರಲ್ಲಿ ತಿಳಿಸಿದ. ಅದೇ ವರ್ಷ ಐಬಿಎಂ ಸಾಮಾನ್ಯ ಬಳಕೆಯ ಮುಖ ಗುರುತಿಸುವ ತಂತ್ರಾಂಶದ ವ್ಯವಹಾರದಿಂದ ಹಿಂದೆ ಸರಿಯಿತು.

ಇವರೆಲ್ಲರಲ್ಲಿ ನನಗೆ ರೆಡ್ಮನ್‌ನ ನಡೆ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಬುಲಾಮ್ವಿನಿ ಮತ್ತು ಗೆಬ್ರು ಅವರ ಶೋಧ ಅಮೂಲ್ಯವಾದುದು. ಆದರೆ ತಪ್ಪನ್ನು ತೋರಿಸಿದೊಡನೆ ತಯಾರಕರು ತಪ್ಪನ್ನು ತಿದ್ದುವ ಕೆಲಸಕ್ಕೆ ಹೊರಡುತ್ತಾರೆ. ತಿದ್ದಿದ ಯಂತ್ರ ಹುಬ್ಬಳ್ಳಿಯ ಸೆಟ್ಲಮೆಂಟಿನ ಹಾಜರಿಯನ್ನು ಇನ್ನಷ್ಟು ಚೆನ್ನಾಗಿ ತೆಗೆಯುತ್ತಿತ್ತು, ಅಷ್ಟೆ. ಇನ್ನು ಅಪರಾಧವನ್ನು ಮುಂದಾಗಿ ಊಹಿಸುವ ಯಂತ್ರಗಳಂತೂ ಹಳೆಯ ಬಂಧನಗಳ ದಾಖಲೆಯನ್ನೇ ಉಂಡು ಬೆಳೆಯುತ್ತವೆ. ನಮ್ಮ ನಾಡಿನಲ್ಲಿ ಆ ದಾಖಲೆಯ ಬುಡ ಎಷ್ಟು ಹಿಂದಕ್ಕೆ ಹೋಗುತ್ತದೆಂಬುದನ್ನು ಅದನ್ನು ರೂಪಿಸುವ ಎಂಜಿನಿಯರು ತಿಳಿಯದಿದ್ದರೆ ಅದು ಅವನೊಬ್ಬನ ತಪ್ಪಲ್ಲ. ಹೇಳಬೇಕಾದ ನಾವು ಹೇಳಿಲ್ಲ. ವಿಮುಕ್ತರ ಹಾಡು ಕಥೆಗಳ ಸಂಕಲನಗಳನ್ನು ಎಷ್ಟೊಂದು ತಂದಿದ್ದೇವೆ. ಅವರ ಠಾಣೆ, ಹಾಜರಿ, ಬೆರಳಚ್ಚಿನ ನೆನಪುಗಳನ್ನು ಜಾನಪದವೆಂದು ಪರಿಗಣಿಸಲಿಲ್ಲ.

೬

೨೦೦೬ರಲ್ಲಿ ಪಿಎಚ್.ಡಿ. ಅಧ್ಯಯನಕ್ಕಾಗಿ ಅಂತಹ ಒಂದು ಬಡಾವಣೆಯಲ್ಲಿ ಹಾಡುಗಳನ್ನು ಸಂಗ್ರಹಿಸುತ್ತಿದ್ದೆ. ಎಂಬತ್ತು ದಾಟಿದ್ದ ವೃದ್ಧೆಯೊಬ್ಬರು ಮೂರು ದಿನ ಬೇಸರವಿಲ್ಲದೆ ಹಾಡಿದರು. ಮೂರನೆಯ ದಿನ ಸಂಜೆ ನಿಯಮದಂತೆ ವಕ್ತೃವಿನ ಹೆಸರು, ವಯಸ್ಸು, ತಂದೆ, ಗಂಡನ ಹೆಸರು ಬರೆದುಕೊಳ್ಳಲು ಹಾಳೆ ತೆಗೆದಾಗ ಅವರ ಮುಖ ಬದಲಾಯಿತು. “ಹೆಸರ ಯಾಕ ಬೇಕ ತಂಗಿ ನಿನಗ? ಹಾಡ ಬರಕೋ. ಹೆಸರ ಬರೀಬ್ಯಾಡ” ಎಂದರು. ಹಾಡು ಯಾರದೆಂದು ಜನಕ್ಕೆ ತಿಳಿಯಬೇಡವೇ, ನಿಮಗೆ ಗೌರವವಲ್ಲವೇ ಎಂದೆ. “ನಮ್ಮಪ್ಪಂದೂ ಬರಕೊಂಡಿದ್ರವಾ” ಎಂದಷ್ಟೇ ಹೇಳಿ ಒಳಗೆ ಹೋದರು.

ನಮ್ಮ ಶಾಸ್ತ್ರದಲ್ಲಿ ವಕ್ತೃವಿನ ಹೆಸರು ದಾಖಲಿಸುವುದು ಗೌರವದ ಕ್ರಮ. ಅನಾಮಿಕ ಜನಪದ ಎಂಬ ಹಳೆಯ ಧೋರಣೆಯನ್ನು ಬಿಟ್ಟುಕೊಡಲು ನಮಗೆ ದಶಕಗಳೇ ಹಿಡಿದವು. ಪ್ರಬಂಧದ ಅನುಬಂಧದಲ್ಲಿ ಆ ಹಾಡುಗಳ ಎದುರಿನ ಜಾಗವನ್ನು ಖಾಲಿ ಬಿಟ್ಟೆ. ಮೌಖಿಕ ಪರೀಕ್ಷೆಯಲ್ಲಿ ಅದನ್ನು ನ್ಯೂನತೆಯೆಂದು ಎಣಿಸಿದರು. ಆಕ್ಷೇಪಿಸಿದವರು ಹೇಳಿದ್ದು ಶಾಸ್ತ್ರದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ನನ್ನ ಬಳಿ ಅಂದು ಉತ್ತರವಿರಲಿಲ್ಲ.

ಈಚೆಗೆ ಸಂಸ್ಥೆಯೊಂದು ಹಳೆಯ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸಿ ಸಾರ್ವಜನಿಕಗೊಳಿಸುವ ಯೋಜನೆ ಕೈಗೊಂಡು, ನನ್ನ ಸಂಗ್ರಹವನ್ನೂ ಕೇಳಿತು. ಒಳ್ಳೆಯ ಕೆಲಸ, ಕ್ಯಾಸೆಟ್ಟುಗಳು ಇನ್ನೆಷ್ಟು ವರ್ಷ ಬಾಳಿಯಾವು? ಬಹುಪಾಲನ್ನು ಕೊಟ್ಟಿದ್ದೇನೆ. ಹೆಸರು ತೆಗೆದು ಕೊಟ್ಟರಾಯಿತಲ್ಲ ಎಂದು ಅಲ್ಲಿಯ ಕಿರಿಯ ತಂತ್ರಜ್ಞರೊಬ್ಬರು ಆ ಮೂರು ಕ್ಯಾಸೆಟ್ಟುಗಳ ಬಗ್ಗೆ ಸೂಚಿಸಿದರು. ಧ್ವನಿಯಿಂದಲೇ ವ್ಯಕ್ತಿಯನ್ನು ಗುರುತಿಸುವ ಯಂತ್ರಗಳಿವೆಯಲ್ಲವೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಇವೆ ಎಂದು ಒಪ್ಪಿಕೊಂಡರು. ಆ ಅಜ್ಜಿ ಈಗಿಲ್ಲ. ಮೊಮ್ಮಕ್ಕಳು ಊರು ಬಿಟ್ಟು ಪುಣೆಯ ಕಡೆ ದುಡಿಯಲು ಹೋಗಿದ್ದಾರೆಂದು ನೆರೆಯವರು ಹೇಳಿದರು. ಅವರನ್ನು ಕಂಡು ಕೇಳಬೇಕು. ಕೇಳುವವರೆಗೆ ಆ ಮೂರು ಕ್ಯಾಸೆಟ್ಟುಗಳು ನನ್ನ ಮೇಜಿನ ಖಾನೆಯಲ್ಲಿಯೇ ಇವೆ.